ರಂಜಕವನ್ನು ನುಂಗುವ ಸೂಕ್ಷ್ಮಜೀವಿಗಳು

ಕೆರೆಯ ನೀರು ಹಸುರುಗಟ್ಟಿ ದುರ್ವಾಸನೆ ಬೀರತೊಡಗಿದರೆ ಅದರ ಹಿಂದೆ ಬಹುಮಟ್ಟಿಗೆ ರಂಜಕದ ಕೈವಾಡವಿರುತ್ತದೆ. ಮಲಮೂತ್ರ, ಬಟ್ಟೆ ಒಗೆಯುವ ಪುಡಿ, ಹೊಲದ ಗೊಬ್ಬರ ಇವುಗಳಿಂದ ಹರಿದುಬರುವ ಒಂದೇ ಒಂದು ಗ್ರಾಂ ರಂಜಕವು ಒಣತೂಕದಲ್ಲಿ 100 ಗ್ರಾಂಗೂ ಮಿಕ್ಕ ಪಾಚಿಯನ್ನು ಬೆಳೆಸಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ವ್ಯಯವಾಗಿ ಮೀನುಗಳು ಸಾಯುತ್ತವೆ. ಕೆಲವು ನೀಲಿ-ಹಸುರು ಪಾಚಿಗಳು ಯಕೃತ್ತಿಗೆ ಹಾನಿಕರವಾದ ವಿಷವನ್ನೂ ಉತ್ಪಾದಿಸುತ್ತವೆ. ನೀರನ್ನು ಕುದಿಸಿದ ಮಾತ್ರಕ್ಕೆ ಆ ವಿಷ ನಾಶವಾಗದು.

ಸುಣ್ಣವನ್ನೋ ಪಟಿಕವನ್ನೋ ಬೆರೆಸಿ ರಂಜಕವನ್ನು ತಳಕ್ಕಿಳಿಸಬಹುದು. ಆದರೆ ಅದಕ್ಕೆ ವೆಚ್ಚ ಹೆಚ್ಚು, ಉಳಿಯುವ ಕೆಸರೂ ಹೆಚ್ಚು. ಇದೇ ಕಾರ್ಯವನ್ನು ಸೂಕ್ಷ್ಮಜೀವಿಗಳಿಂದ ಮಾಡಿಸಬಹುದೆಂಬುದರ ಮೊದಮೊದಲ ಸುಳಿವು ದೊರೆತದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಅನೇಕರಿಗೆ ತಿಳಿಯದು. ಕೊಳಚೆ ನೀರಿಗೆ ಕೆಲವು ಬಗೆಯ ಕೆಸರನ್ನು ಬೆರೆಸಿ ಗಾಳಿಯೂದಿದಾಗ ಅದರಲ್ಲಿನ ರಂಜಕವು ಅತಿಶೀಘ್ರವಾಗಿ ಕಡಮೆಯಾಗುವುದನ್ನು ಭಾರತೀಯ ವಿಜ್ಞಾನ ಮಂದಿರದ ಶ್ರೀನಾಥ್, ಶಾಸ್ತ್ರಿ ಮತ್ತು ಪಿಳ್ಳೈ ಅವರು 1959ರಲ್ಲಿ ಪ್ರಕಟಿಸಿದರು. ಅದನ್ನು ನೆಚ್ಚಬಹುದಾದ ವಿಧಾನವನ್ನಾಗಿ ರೂಪಿಸಿದವರಲ್ಲಿ ದಕ್ಷಿಣ ಆಫ್ರಿಕದ ಜೇಮ್ಸ್ ಬರ್ನಾರ್ಡ್ ಪ್ರಮುಖರು. ಅದು 1970ರ ದಶಕದ ಮಾತು.

ಇದರ ಮರ್ಮ ವಿಚಿತ್ರವಾದುದು. ರಂಜಕವನ್ನು ನುಂಗಿಸಬೇಕಾದರೆ ಮೊದಲು ಅದನ್ನು ಉಗುಳಿಸಬೇಕು! ಆಮ್ಲಜನಕವೂ ನೈಟ್ರೇಟೂ ಇಲ್ಲದ ಮೊದಲ ತೊಟ್ಟಿಯಲ್ಲಿ ಬಹುತೇಕ ಜೀವಿಗಳು ಕೈಕಟ್ಟಿ ಕೂರುತ್ತವೆ. ನಮ್ಮ ಜೀವಿಗಳು ಮಾತ್ರ ಒಡಲಲ್ಲಿ ಕೂಡಿಟ್ಟ ರಂಜಕದ ಸರಪಣಿಯನ್ನು ಮುರಿದು, ಅದರಿಂದ ದೊರೆತ ಶಕ್ತಿಯ ಬಲದಿಂದ ಕೊಳಚೆಯಲ್ಲಿನ ಅಸಿಟಿಕ್ ಮೊದಲಾದ ಆಮ್ಲಗಳನ್ನು ಹೀರಿ, ಕೊಬ್ಬಿನಂಥ ಕಣಗಳಾಗಿ ಶೇಖರಿಸಿಕೊಳ್ಳುತ್ತವೆ. ಮುಂದಿನ ತೊಟ್ಟಿಯಲ್ಲಿ ಗಾಳಿ ದೊರೆತೊಡನೆ ಆ ಕಣಗಳನ್ನು ದಹಿಸಿ, ಉಗುಳಿದ್ದಕ್ಕಿಂತ ಹೆಚ್ಚು ರಂಜಕವನ್ನು ಒಳಸೆಳೆಯುತ್ತವೆ. ಸಾಮಾನ್ಯ ಕೆಸರಿನ ಒಣತೂಕದಲ್ಲಿ ರಂಜಕ ಶೇಕಡ 2ರಷ್ಟಿದ್ದರೆ, ಇಂಥ ಕೆಸರಿನಲ್ಲಿ ಶೇಕಡ 5ನ್ನೂ ಮೀರಬಹುದು. ಕೆಸರನ್ನು ತೆಗೆದರೆ ರಂಜಕವೂ ಹೋದಂತೆ. ಕ್ರಮವರಿತು ನಡೆಸಿದ ಸ್ಥಾವರದಿಂದ ಹೊರಬರುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂಗಿಂತಲೂ ಕಡಮೆಯಿರುತ್ತದೆ.

ಆದರೆ ಈ ಜೀವಿಗಳ ಸ್ವಭಾವ ಸೂಕ್ಷ್ಮ. ಮೊದಲ ತೊಟ್ಟಿಗೆ ನೈಟ್ರೇಟು ನುಸುಳಿದರೆ ಅನ್ಯಜೀವಿಗಳು ಆಮ್ಲಗಳನ್ನು ಕಬಳಿಸುತ್ತವೆ. ಮಳೆಗಾಲದಲ್ಲಿ ಕೊಳಚೆ ತೆಳುವಾದರೆ ಆಹಾರ ಸಾಲದು. ತೆಗೆದ ಕೆಸರನ್ನು ಗಾಳಿಯಿಲ್ಲದೆ ಬಹುಕಾಲ ಬಿಟ್ಟರಂತೂ ನುಂಗಿದ ರಂಜಕವು ಪುನಃ ನೀರಿಗಿಳಿಯುತ್ತದೆ. ಕೆಲವು ಸ್ಥಾವರಗಳಲ್ಲಿ ಬೇಕೆಂದೇ ಹೀಗೆ ಉಗುಳಿಸಿ, ಆ ನೀರಿಗೆ ಮೆಗ್ನೀಸಿಯಂ ಲವಣ ಬೆರೆಸಿ ದೊರೆಯುವ ಹರಳುಗಳನ್ನು ಹೊಲಗಳಿಗೆ ಗೊಬ್ಬರವಾಗಿ ಕಳುಹಿಸುತ್ತಾರೆ.