ಕಲ್ಲುಹೂವು, ಪಾಪಾಸುಕಳ್ಳಿ: ನೀರಿಲ್ಲದಾಗ ಏನು ಮಾಡೋದು?

ಸಾಲಿಗ್ರಾಮದ ಸುತ್ತಮುತ್ತ ಅಂದ ಕೂಡಲೇ ನಮಗೆ ನೆನಪಾಗೋದು ಕಾವೇರಿ, ನಾಲೆ, ಭತ್ತದ ಗದ್ದೆ. ಆದರೆ ನಾಲೆ ನೀರು ಹತ್ತದ ದಿಣ್ಣೆಗೆ ಬಂದರೆ ಕಥೆಯೇ ಬೇರೆ. ಅಂಥ ಕಡೆಯೂ ಇಬ್ಬರು ಆರಾಮಾಗಿ ಬದುಕುತ್ತಾರೆ: ಬೇಲಿಯಲ್ಲಿ ಪಾಪಾಸುಕಳ್ಳಿ, ಬಂಡೆ ಮೇಲೆ ಬೂದು ಚಕ್ಕೆಯಂಥ ಕಲ್ಲುಹೂವು. ನಮ್ಮ ಬಿರಿಯಾನಿ ಮಸಾಲೆಗೆ ಬೀಳೋದು ಇದರದೇ ಬಂಧು. ಇಬ್ಬರ ಸಮಸ್ಯೆಯೂ ಒಂದೇ, ಡಿಸೈನ್ ಮಾತ್ರ ತದ್ವಿರುದ್ಧ.

ಪಾಪಾಸುಕಳ್ಳಿಯದು ಟ್ಯಾಂಕ್ ಕಟ್ಟುವ ದಾರಿ. ನಾವು ಎಲೆ ಅಂದುಕೊಳ್ಳೋ ದಪ್ಪ ಹಲಗೆ ನಿಜಕ್ಕೂ ಕಾಂಡ. ನೀರೆಲ್ಲ ಅದರೊಳಗೆ, ಹೊರಗೆ ಮೇಣದ ಲೇಪ. ಹಗಲಲ್ಲಿ ರಂಧ್ರ ತೆರೆದರೆ ನೀರು ಆವಿಯಾಗುತ್ತೆ. ಅದಕ್ಕೇ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ಆಮ್ಲದ ರೂಪದಲ್ಲಿ ಇಟ್ಟುಕೊಂಡು, ಬಿಸಿಲು ಬಂದ ಮೇಲೆ ಆಹಾರ ತಯಾರಿಸುತ್ತದೆ. ಅಂದಹಾಗೆ, ಬೇಲಿಯ ಕಳ್ಳಿಗಳೆಲ್ಲ ಕ್ಯಾಕ್ಟಸ್ ಅಲ್ಲ. ಮುರಿದಾಗ ಬಿಳಿ ಹಾಲು ಸುರಿಯೋ ಬೇಲಿಕಳ್ಳಿಗಳದ್ದು ಬೇರೆಯೇ ಕುಟುಂಬ.

ಕಲ್ಲುಹೂವಿಗೆ ಬೇರಿಲ್ಲ, ಟ್ಯಾಂಕಿಲ್ಲ, ಮುಚ್ಚಿಕೊಳ್ಳಲು ರಂಧ್ರವೂ ಇಲ್ಲ. ಅದು ಒಂದು ಜೀವಿಯೂ ಅಲ್ಲ. ಶಿಲೀಂಧ್ರ ಮನೆ ಕಟ್ಟುತ್ತೆ, ಒಳಗಿರೋ ಪಾಚಿ ಅಡುಗೆ ಮಾಡುತ್ತೆ. ನೀರು ಮುಗಿದರೆ ಪೂರ್ತಿ ಒಣಗಿ ಕೆಲಸ ನಿಲ್ಲಿಸಿಬಿಡುತ್ತದೆ, ಆದರೆ ಸಾಯೋದಿಲ್ಲ. ಮಳೆ ಬಿದ್ದ ಕೆಲವೇ ನಿಮಿಷದಲ್ಲಿ ಮತ್ತೆ ಶುರು. ನಂಬಿಕೆ ಬರದಿದ್ದರೆ ಕ್ಯಾಂಪಸ್ಸಿನ ಮರದ ತೊಗಟೆಯ ಮೇಲಿರೋ ಬೂದು ಚಕ್ಕೆಗೆ ಬಾಟಲಿಯಿಂದ ಸ್ವಲ್ಪ ನೀರು ಹಾಕಿ ನೋಡಿ. ಕಣ್ಣೆದುರೇ ಹಸಿರು ಬಣ್ಣ ತೇಲಿಬರುತ್ತೆ.

ಎರಡು ಡಿಸೈನಿಗೂ ಅದರದರ ಬೆಲೆ ಇದೆ. ಟ್ಯಾಂಕ್ ಇರೋದರಿಂದ ಕಳ್ಳಿ ಜೋರಾಗಿ ಬೆಳೆಯುತ್ತೆ. ಕಡಿದು ಬಿದ್ದ ಒಂದು ಹಲಗೆಯೂ ಬೇರು ಬಿಡುತ್ತೆ. ಅಮೆರಿಕ ಖಂಡದಿಂದ ಬಂದ ಈ ಗಿಡ ದಕ್ಷಿಣ ಭಾರತದಲ್ಲಿ ಎಷ್ಟು ಹಬ್ಬಿತ್ತೆಂದರೆ, 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್ ಕೀಟ ತಂದು ಅದನ್ನು ಹತೋಟಿಗೆ ತರಬೇಕಾಯ್ತು. ಕಲ್ಲುಹೂವಿಗೆ ಒದ್ದೆಯಿದ್ದಾಗ ಮಾತ್ರ ಡ್ಯೂಟಿ. ಹಾಗಾಗಿ ಬಂಡೆಗೆ ಅಂಟಿ ಬೆಳೆಯೋ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡೋದಿಲ್ಲ. ಗಾಳಿಯಲ್ಲಿ ಬಂದದ್ದನ್ನೆಲ್ಲ ಹೀರುವುದರಿಂದ ಹೊಗೆಯ ಗಂಧಕದ ಡೈಆಕ್ಸೈಡಿಗೂ ಬೇಗ ಬಲಿಯಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಎಂಟು ಸೆಂಟಿಮೀಟರ್ ಅಗಲದ ದುಂಡು ಚಕ್ಕೆ ಅಂದರೆ ನಡುವಿನಿಂದ ಅಂಚಿಗೆ 40 ಮಿಲಿಮೀಟರ್. ವರ್ಷಕ್ಕೆ ಒಂದು ಮಿಲಿಮೀಟರ್ ಅಂತಲೇ ಹಿಡಿದರೂ ಅದಕ್ಕೆ 40 ವರ್ಷ, ನಮ್ಮ ಇಬ್ಬರ ವಯಸ್ಸು ಕೂಡಿದಷ್ಟು. ಚುಂಚನಕಟ್ಟೆಗೆ ಟ್ರಿಪ್ ಹೋದಾಗ ಬಂಡೆ ಮೇಲೆ ಹೆಸರು ಕೆತ್ತೋಕೆ ನಮಗೆ ಎರಡು ನಿಮಿಷ ಸಾಕು. ಕೀಲಿಕೈ ಹೊರಗೆ ತೆಗೆಯೋ ಮುಂಚೆ ಈ ಲೆಕ್ಕ ಒಮ್ಮೆ ನೆನಪಿಸಿಕೊಳ್ಳೋಣ.