ಡಿಜೆ ಪಕ್ಕದ ಪರದೆಗೆ ಮೊದಲ ಸಾಫ್ಟ್‌ವೇರ್

ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆ ತೆರೆದರೆ ಮಳೆ ಪಟ್ಟಿಯಲ್ಲಿ ಮಾಣಿ, ಯಡೂರು, ಹುಲಿಕಲ್ ಜೊತೆಗೆ ಮಾಸ್ತಿಕಟ್ಟೆಯ ಹೆಸರೂ ಇರುತ್ತದೆ. ಹೊಸನಗರ ತಾಲ್ಲೂಕಿನ ಈ ಊರು ದಾಟಿದರೆ ಹುಲಿಕಲ್ ಘಾಟಿ, ಅದನ್ನಿಳಿದರೆ ಕುಂದಾಪುರದ ಕಡೆಯ ದಾರಿ. ಇಂಥ ಸೀಮೆಯಲ್ಲಿ ಕಾರ್ಯಕ್ರಮಗಳ ಕಾಲ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೇ ಶಾಲೆಗಳ ವಾರ್ಷಿಕೋತ್ಸವ, ಮದುವೆ ಮುನ್ನಾದಿನದ ಮೆಹಂದಿ, ಯುವಕ ಸಂಘದ ಸಂಗೀತ ಸಂಜೆ ಎಲ್ಲ ಸಾಲುಹಿಡಿಯುತ್ತವೆ. ಈಗೀಗ ಡಿಜೆ ಮೇಜಿನ ಹಿಂದೆ ಒಂದು ಎಲ್‌ಇಡಿ ವಾಲ್ ಕೂಡ ಬಂದು ನಿಲ್ಲುತ್ತಿದೆ. ಆದರೆ ಅದರಲ್ಲಿ ಓಡುವುದು ಹೆಚ್ಚಾಗಿ ಯಾರೋ ಪೆನ್‌ಡ್ರೈವಿನಲ್ಲಿ ತುಂಬಿಕೊಟ್ಟ ವಿಡಿಯೊ. ಹಾಡು ತನ್ನ ಪಾಡಿಗೆ, ಚಿತ್ರ ತನ್ನ ಪಾಡಿಗೆ.

ಹಾಡಿಗೆ ಹೊಂದುವಂತೆ ಚಿತ್ರವನ್ನು ಅಲ್ಲೇ, ಆ ಹೊತ್ತಿಗೇ ಬದಲಿಸುತ್ತಾ ಹೋಗುವ ಕೆಲಸ ಹೊಸದೇನಲ್ಲ. ಅರವತ್ತರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಜೋಶುವಾ ವೈಟ್ ಮತ್ತು ಸಂಗಡಿಗರು ಗಾಜಿನ ತಟ್ಟೆಯಲ್ಲಿ ಬಣ್ಣದ ಎಣ್ಣೆ, ನೀರು ಕಲಕಿ, ಪ್ರೊಜೆಕ್ಟರಿನ ಬೆಳಕಿನಲ್ಲಿ ಅದನ್ನು ವಾದ್ಯಗೋಷ್ಠಿಯ ಬೆನ್ನ ಹಿಂದಿನ ಪರದೆಗೆ ಬಿಡುತ್ತಿದ್ದರು. ಇಂದು ಆ ತಟ್ಟೆಯ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ. ಹೊಸಬರು ಮೊದಲು ಕೇಳುವುದು, ಅದರಲ್ಲಿ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಅಂತ.

ಸಾಫ್ಟ್‌ವೇರ್ ಆಮೇಲೆ. ಮೊದಲು ವಾಲ್‌ನವರಿಗೆ ಒಂದು ಫೋನ್ ಮಾಡಿ. ‘ಹನ್ನೆರಡಕ್ಕೆ ಎಂಟು’ ಎಂದು ಅವರು ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ನಮಗೆ ಬೇಕಾದದ್ದು ಚುಕ್ಕೆಗಳ ಲೆಕ್ಕ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವ ಪಿ 3.91 ಎಂಬ ಬಗೆಯಲ್ಲಿ ಒಂದು ಚುಕ್ಕೆಗೂ ಮುಂದಿನ ಚುಕ್ಕೆಗೂ 3.91 ಮಿಲಿಮೀಟರ್ ಅಂತರ. ಅರ್ಧ ಮೀಟರ್ ಉದ್ದಗಲದ ಒಂದು ಪ್ಯಾನೆಲ್ಲಿನಲ್ಲಿ 128ಕ್ಕೆ 128 ಚುಕ್ಕೆ. ಅಡ್ಡಕ್ಕೆ 7, ಎತ್ತರಕ್ಕೆ 5 ಪ್ಯಾನೆಲ್ ಜೋಡಿಸಿದರೆ ಹೆಚ್ಚುಕಡಿಮೆ ಅವರು ಹೇಳಿದ ಹನ್ನೆರಡು-ಎಂಟಡಿ ಆಗುತ್ತದೆ. ಒಟ್ಟು ಚುಕ್ಕೆ 896ಕ್ಕೆ 640. ಅಂದರೆ ಫುಲ್ ಎಚ್‌ಡಿ ಚಿತ್ರದಲ್ಲಿರುವ 1920ಕ್ಕೆ 1080 ಚುಕ್ಕೆಗಳ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಫೋರ್‌ಕೆ ವಿಡಿಯೊ ಹುಡುಕಿ ಡೌನ್‌ಲೋಡ್ ಮಾಡುವ ಶ್ರಮ ಇಲ್ಲಿ ದಂಡ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ನೋಡುವವರಿಗೆ ಏನೂ ಹೆಚ್ಚು ಕಾಣುವುದಿಲ್ಲ.

ಇನ್ನೊಂದು ವಿಷಯವನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ: ನೀವು ಕಳಿಸಿದ ಚಿತ್ರವನ್ನು ಅವರ ಪ್ರೊಸೆಸರ್ ವಾಲ್‌ನ ಅಳತೆಗೆ ಹೊಂದಿಸುತ್ತದೋ, ಅಥವಾ ಚುಕ್ಕೆಗೆ ಚುಕ್ಕೆ ಇಡುತ್ತದೋ? ಎರಡನೆಯದಾದರೆ ನಿಮ್ಮ ಚಿತ್ರದ ಮೇಲಿನ ಎಡಮೂಲೆ ಮಾತ್ರ ವಾಲ್ ಮೇಲೆ ಬರುವ ಸಂಭವ ಹೆಚ್ಚು. ಮೊದಲನೆಯದಾದರೂ ನೆಮ್ಮದಿಯಿಲ್ಲ. ಅಗಲದ ಚಿತ್ರವನ್ನು ಚೌಕದ ಕಡೆಗೆ ವಾಲಿದ ವಾಲ್‌ಗೆ ಒತ್ತಿ ಕೂರಿಸಿದರೆ ಮದುಮಗಳ ಮುಖ ಸೋರೆಕಾಯಿಯಂತೆ ಉದ್ದವಾಗುತ್ತದೆ. ಮನೆಯವರು ಆ ರಾತ್ರಿಯ ಬೇರೆಲ್ಲ ಮರೆತರೂ ಇದೊಂದನ್ನು ಮರೆಯುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಸಾಫ್ಟ್‌ವೇರ್ ಆರಿಸುವುದು ಸುಲಭ. ನನ್ನ ಮಟ್ಟಿಗೆ ಅಳತೆಗೋಲು ಇದು: ಕತ್ತಲಲ್ಲಿ, ನಿಂತುಕೊಂಡು, ಕೀಲಿಮಣೆ ನೋಡದೆ ಆಡಿಸಲು ಬರಬೇಕು, ಮೊಬೈಲ್ ಸಿಗ್ನಲ್ ಸಿಗದ ಅಂಗಳದಲ್ಲೂ ತೆರೆದುಕೊಳ್ಳಬೇಕು, ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ತಡವರಿಸಬಾರದು. ಎಷ್ಟೆಲ್ಲ ಚಮತ್ಕಾರ ಬರುತ್ತದೆ ಎನ್ನುವುದು ಮೊದಲ ವರ್ಷ ಕೇಳಬೇಕಾದ ಪ್ರಶ್ನೆಯೇ ಅಲ್ಲ.

ಈ ಅಳತೆಯಲ್ಲಿ ಮೊದಲು ನಿಲ್ಲುವುದು ಓಬಿಎಸ್ ಸ್ಟುಡಿಯೊ. ದೇವಸ್ಥಾನದ ಉತ್ಸವವನ್ನೂ ಯಕ್ಷಗಾನವನ್ನೂ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವವರ ಬಳಿ ಇದು ಇದ್ದೇ ಇರುತ್ತದೆ. ಕಲಿಸಿಕೊಡುವವರು ಊರಲ್ಲೇ ಸಿಕ್ಕಾರು. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಂದೊಂದು ವಿಡಿಯೊವನ್ನು ಒಂದೊಂದು ‘ಸೀನ್’ ಮಾಡಿ, ಮುಗಿದಂತೆಲ್ಲ ಮತ್ತೆ ಓಡುವಂತೆ ಗುರುತು ಹಾಕಿ, ಒಂದು, ಎರಡು, ಮೂರು ಎಂದು ಕೀಲಿಗಳಿಗೆ ಕಟ್ಟಿದರೆ ಆಯಿತು. ಕೀಲಿ ಒತ್ತಿದಾಗ ಒಂದು ಚಿತ್ರ ಕರಗಿ ಇನ್ನೊಂದು ಬರುತ್ತದೆ. ಎರಡನೆಯ ಪರದೆಗೆ ‘ಫುಲ್‌ಸ್ಕ್ರೀನ್ ಪ್ರೊಜೆಕ್ಟರ್’ ಕೊಟ್ಟರೆ ವಾಲ್ ಮೇಲೆ ಚಿತ್ರ ಮಾತ್ರ ಹೋಗುತ್ತದೆ, ನಿಮ್ಮ ಗುಂಡಿಗಳೆಲ್ಲ ನಿಮ್ಮ ಮುಂದೆಯೇ ಉಳಿಯುತ್ತವೆ. ಚುಕ್ಕೆಗೆ ಚುಕ್ಕೆ ಇಡುವ ವಾಲ್ ಆದರೆ ಚಿತ್ರವನ್ನು ಎಡಮೂಲೆಯ 896ಕ್ಕೆ 640ರ ಚೌಕಟ್ಟಿನೊಳಗೆ ಎಳೆದು ಕೂರಿಸಬಹುದು. ಹಾಡಿನ ತಾಳ ಇದಕ್ಕೆ ತಿಳಿಯುವುದಿಲ್ಲ, ಅದು ನಿಜವಾದ ಕೊರತೆ. ಆದರೆ ತಾಳ ನಿಮ್ಮ ಬೆರಳಿಗೆ ತಿಳಿದರೆ ಮೊದಲ ಹತ್ತು ಕಾರ್ಯಕ್ರಮಕ್ಕೆ ಸಾಕು.

ಆ ಕೊರತೆ ಕೈಗೆ ಕಚ್ಚತೊಡಗಿದ ದಿನ ರೆಸೊಲ್ಯೂಮ್ ಕಡೆ ನೋಡಿ. ನೆದರ್‌ಲ್ಯಾಂಡ್ಸಿನ ಈ ಸಾಫ್ಟ್‌ವೇರ್ ಬೆಂಗಳೂರಿನ ದೊಡ್ಡ ವೇದಿಕೆಗಳಲ್ಲೂ ಮಾಮೂಲು. ಒಂದರ ಮೇಲೊಂದು ಪದರ, ಪ್ರತಿ ಪದರದಲ್ಲಿ ಸಾಲು ಸಾಲು ಕ್ಲಿಪ್; ಒತ್ತಿದ್ದು ಓಡುತ್ತದೆ. ‘ಟ್ಯಾಪ್’ ಗುಂಡಿಯನ್ನು ಹಾಡಿನ ಜೊತೆ ನಾಲ್ಕಾರು ಸಲ ತಟ್ಟಿದರೆ ಅದು ವೇಗ ಹಿಡಿದು ಕ್ಲಿಪ್‌ಗಳನ್ನು ತಾಳಕ್ಕೆ ಕೂರಿಸುತ್ತದೆ. ಅವೆನ್ಯೂ, ಅರೆನಾ ಎಂದು ಎರಡು ಬಗೆ. ಸಣ್ಣ ಕಾರ್ಯಕ್ರಮಕ್ಕೆ ಅವೆನ್ಯೂ ಧಾರಾಳ. ಕಟ್ಟಡದ ಗೋಡೆಗೆ ಚಿತ್ರ ಹೊಂದಿಸುವಂಥ ಕೆಲಸಕ್ಕೆ ಅರೆನಾ. ಅವೆನ್ಯೂ ಬೆಲೆ 300 ಯೂರೋ ಆಸುಪಾಸು, ಮೆಹಂದಿ ರಾತ್ರಿಯ ಸಂಭಾವನೆಗೆ ಹೋಲಿಸಿದರೆ ಭಾರವೇ. ಕೊಳ್ಳದೆಯೂ ಮನೆಯಲ್ಲಿ ಎಷ್ಟು ದಿನ ಬೇಕಾದರೂ ಕಲಿಯಬಹುದು, ಪರದೆಯ ಮೇಲೆ ಅವರ ಗುರುತು ಮೂಡುತ್ತಿರುತ್ತದೆ. ಕೊಂಡರೆ ನೋಂದಣಿಯನ್ನು ಒಳ್ಳೆಯ ನೆಟ್‌ವರ್ಕ್ ಇರುವ ಕಡೆಯೇ ಮುಗಿಸಿಕೊಂಡು ಬನ್ನಿ.

ಹುಡುಗರು ಆಸೆಪಟ್ಟು ಇಳಿಸಿಕೊಳ್ಳುವ ಟಚ್‌ಡಿಸೈನರ್ ಅದ್ಭುತವೇನೋ ಹೌದು. ಉಚಿತ ಆವೃತ್ತಿ 1280ಕ್ಕೆ 1280 ಚುಕ್ಕೆಯವರೆಗೆ ಚಿತ್ರ ಕೊಡುತ್ತದೆ, ನಮ್ಮ ವಾಲ್‌ಗೆ ಮಿಕ್ಕಿತು. ಆದರೆ ಆ ಆವೃತ್ತಿಯನ್ನು ದುಡ್ಡು ಪಡೆಯುವ ಕೆಲಸಕ್ಕೆ ಬಳಸುವಂತಿಲ್ಲ. ಅದು ಮೊದಲ ದಿನದ ಸಾಫ್ಟ್‌ವೇರೂ ಅಲ್ಲ. ಖಾಲಿ ಹಾಳೆಯಿಂದ ಶುರುಮಾಡಿ ತಂತಿ ಜೋಡಿಸುತ್ತಾ ಹೋಗಬೇಕು. ಒಲಿವಿಯಾ ಜ್ಯಾಕ್ ರೂಪಿಸಿದ ಹೈಡ್ರಾ ಬ್ರೌಸರಿನಲ್ಲೇ ನಡೆಯುತ್ತದೆ, ಉಚಿತ, ಆದರೆ ಕೋಡ್ ಬರೆಯುವ ಮನಸ್ಸಿರಬೇಕು. ಹಾಡು ಕೇಳಿ ತಾನಾಗಿಯೇ ಬಣ್ಣ ಚೆಲ್ಲುವ ಪ್ರೊಜೆಕ್ಟ್‌ಎಂ ಮುಕ್ತ ತಂತ್ರಾಂಶ. ಹಳೆಯ ವಿನ್‌ಆಂಪಿನ ಮಿಲ್ಕ್‌ಡ್ರಾಪ್ ನೋಡಿದವರಿಗೆ ಗುರುತು ಸಿಗುತ್ತದೆ. ಊಟಕ್ಕೆ ಹೋಗುವ ಅರ್ಧ ಗಂಟೆ ವಾಲ್ ಅನ್ನು ಅದಕ್ಕೆ ಒಪ್ಪಿಸಬಹುದು.

ಯಾವುದನ್ನೇ ಆಯ್ದರೂ ಚಿತ್ರ ತಡವರಿಸಿದರೆ ಬೈಯಬೇಕಾದದ್ದು ಹೆಚ್ಚಾಗಿ ಸಾಫ್ಟ್‌ವೇರನ್ನಲ್ಲ, ಫೈಲನ್ನು. ಮೊಬೈಲಿನಿಂದ, ಯೂಟ್ಯೂಬಿನಿಂದ ಬರುವ ವಿಡಿಯೊ ಹೆಚ್ಚಾಗಿ ಎಚ್.264 ಬಗೆಯದು. ಅಲ್ಲಲ್ಲಿ ಒಂದು ಪೂರ್ಣ ಚಿತ್ರವಿಟ್ಟು, ನಡುವೆ ಏನು ಬದಲಾಯಿತು ಎನ್ನುವುದನ್ನಷ್ಟೇ ಬರೆದಿಟ್ಟುಕೊಂಡು ಅದು ಜಾಗ ಉಳಿಸುತ್ತದೆ. ನೇರವಾಗಿ ಓಡಿಸುವಾಗ ತೊಂದರೆಯಿಲ್ಲ. ಹಿಂದೆ ಓಡಿಸಿ, ನಡುವಿಂದ ಜಿಗಿಸಿ, ನಾಲ್ಕನ್ನು ಒಟ್ಟಿಗೆ ಹಾಕಿ ಎಂದರೆ ಪ್ರತಿ ಸಲವೂ ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಕೂಡಿಸಿಕೊಂಡು ಬರಬೇಕು; ಪ್ರೊಸೆಸರ್ ಸುಸ್ತಾಗುವುದು ಅಲ್ಲಿ. ರೆಸೊಲ್ಯೂಮ್‌ನ ಡಿಎಕ್ಸ್‌ವಿ, ಬೇರೆ ಹಲವು ಸಾಫ್ಟ್‌ವೇರುಗಳು ಒಪ್ಪುವ ಹ್ಯಾಪ್ ಇವುಗಳಲ್ಲಿ ಪ್ರತಿ ಚಿತ್ರವೂ ಸ್ವತಂತ್ರ, ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಬೆಲೆಯಾಗಿ ಫೈಲ್ ಊದಿಕೊಳ್ಳುತ್ತದೆ: ಫುಲ್ ಎಚ್‌ಡಿಯಲ್ಲಿ ಒಂದು ನಿಮಿಷಕ್ಕೆ ಒಂದು ಜಿಬಿ ದಾಟಬಹುದು. 896ಕ್ಕೆ 640ರ ಅಳತೆಗೆ ಇಳಿಸಿಯೇ ಪರಿವರ್ತಿಸಿ, ಎಸ್‌ಎಸ್‌ಡಿಯಲ್ಲಿಡಿ.

ಕ್ಲಿಪ್ ಎಷ್ಟುದ್ದ ಇರಬೇಕು? ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ 16 ಪೆಟ್ಟು ಮುಗಿಯಲು 8 ಸೆಕೆಂಡ್. 128 ಪೆಟ್ಟಿನದಾದರೆ ಏಳೂವರೆ. ಹಾಗಾಗಿ ಎಂಟು ಸೆಕೆಂಡಿನ ತುಣುಕುಗಳನ್ನೇ ಮಾಡಿಟ್ಟುಕೊಳ್ಳಿ, ಹಾಡು ತಿರುಗುವ ಕಡೆ ಚಿತ್ರವೂ ತಿರುಗುತ್ತದೆ. ಸಿನಿಮಾ ತುಣುಕು ಕದಿಯುವ ಅಗತ್ಯ ಈ ಸೀಮೆಯವರಿಗಂತೂ ಇಲ್ಲ. ಹುಲಿಕಲ್ ಘಾಟಿಯ ಮಂಜನ್ನು ಮೊಬೈಲ್ ಅಲ್ಲಾಡಿಸದೆ ಹಿಡಿದರೆ ಅದಕ್ಕಿಂತ ಒಳ್ಳೆಯ ಕ್ಲಿಪ್ ಬೇರಿಲ್ಲ. ಶುರು, ಕೊನೆ ಎಲ್ಲಿ ಸೇರಿತೆಂದು ಗೊತ್ತೇ ಆಗುವುದಿಲ್ಲ. ಅಡಿಕೆ ಬೇಯುವ ಹಂಡೆಯ ಹಬೆ, ಹೆಂಚಿನಿಂದ ಇಳಿಯುವ ಮಳೆನೀರು ಎಲ್ಲವೂ ಒದಗುತ್ತವೆ. ವಧೂವರರ ಹೆಸರು, ಊರಿನ ಹೆಸರು ಬರೆಯುವುದಿದ್ದರೆ ಅಕ್ಷರವನ್ನು ಬೇರೆಡೆ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತನ್ನಿ. ಕೆಲವು ಸಾಫ್ಟ್‌ವೇರುಗಳ ಅಕ್ಷರಪೆಟ್ಟಿಗೆಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ.

ಕರೆಂಟಿನ ಮಾತು. ಇದೇ ಸೀಮೆಯ ಮಾಣಿ ಜಲಾಶಯದ ನೀರಿಂದ ವಾರಾಹಿ ಭೂಗರ್ಭ ವಿದ್ಯುದಾಗಾರ 460 ಮೆಗಾವಾಟ್ ಉತ್ಪಾದಿಸಬಲ್ಲದು. ಆದರೂ ನಮ್ಮ ವಾಲ್ ಜನರೇಟರಿಗೆ ಜೋತುಬಿದ್ದಿರುತ್ತದೆ. ಕರೆಂಟಿನಿಂದ ಜನರೇಟರಿಗೆ ಬದಲಾಯಿಸುವ ಕ್ಷಣದಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿದರೂ ಗ್ರಾಫಿಕ್ಸ್ ವೇಗ ಕುಸಿಯುತ್ತದೆ. ಬ್ಯಾಟರಿಯಲ್ಲಿ ಓಡಿಸಿ ನೋಡುವ ಪರೀಕ್ಷೆ ಮನೆಯಲ್ಲೇ ಆಗಲಿ.

ಮಿಣುಕಿನ ವಿಷಯದಲ್ಲಿ ಮಾತ್ರ ಹಟ ಬೇಡ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಬಿರುಸಾಗಿ ಮಿಣುಕಿದ್ದನ್ನು ನೋಡಿ ಸುಮಾರು 685 ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಣುಕು ಬೇಡ ಎನ್ನುವುದು ಇಂದು ಜಾಲತಾಣಗಳಿಗೂ ಇರುವ ಮಾರ್ಗಸೂಚಿ. ಹನ್ನೆರಡಡಿ ವಾಲ್ ಮುಂದೆ ಮಕ್ಕಳೇ ಮೊದಲ ಸಾಲಿನಲ್ಲಿ ಕೂರುವ ಶಾಲಾ ವಾರ್ಷಿಕೋತ್ಸವಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಡಿಜೆ ಎಷ್ಟೇ ಒತ್ತಾಯಿಸಲಿ, ಸ್ಟ್ರೋಬ್ ಎಂಬ ಗುಂಡಿಗೆ ಕೀಲಿ ಕಟ್ಟಬೇಡಿ.

ಹತ್ತು ಗಂಟೆಗೆ ಹಾಡು ನಿಲ್ಲುವಾಗ ತೋರಿಸಲು ಕೊನೆಯ ಸೀನ್ ಒಂದನ್ನು ಮೊದಲೇ ಸಿದ್ಧಮಾಡಿಡಿ: ಸದ್ದಿಲ್ಲದ, ಅಲುಗಾಡದ, ಬಂದವರಿಗೆ ವಂದನೆ ಹೇಳುವ ಒಂದು ಚಿತ್ರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಸರ್ಕಾರ ವಿನಾಯಿತಿ ಕೊಟ್ಟ ಬೆರಳೆಣಿಕೆಯ ದಿನಗಳ ಹೊರತು.