‘ನನ್ನ ಕಾರಿಗೆ ಏನೂ ಆಗಿಲ್ಲ’ ಎನ್ನುವವರು ಯಾಕೆ ಬರೆಯುವುದಿಲ್ಲ? ಸ್ಪೋರ್ಟ್ಸ್ ಕಾರು ಮಾಲೀಕರ ಪ್ರಶ್ನೋತ್ತರದ ಕಥೆ

ಬೇಸಿಗೆ ಬಂದರೆ ಸಾಕು, ಒಂದು ವಾಟ್ಸಾಪ್ ಸಂದೇಶ ತಪ್ಪದೇ ಬರುತ್ತದೆ. ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಿದರೆ ಬಿಸಿಲಿಗೆ ಟ್ಯಾಂಕ್ ಸಿಡಿಯುತ್ತದೆ, ಅರ್ಧ ಮಾತ್ರ ಹಾಕಿಸಿ, ಎಲ್ಲರಿಗೂ ಕಳುಹಿಸಿ. ಕೆಳಗೆ ಇಂಡಿಯನ್ ಆಯಿಲ್ ಹೆಸರು. ಇದು ತಾನು ಹೇಳಿದ್ದಲ್ಲ, ವಾಹನ ತಯಾರಕರು ಹೇಳಿದ ಮಿತಿಯವರೆಗೆ ಯಾವ ಕಾಲದಲ್ಲಿ ತುಂಬಿಸಿದರೂ ಸುರಕ್ಷಿತ ಎಂದು ಆ ಕಂಪನಿಯೇ ಸ್ಪಷ್ಟಪಡಿಸಿದೆ. ಆದರೂ ಮರುವರ್ಷ ಸಂದೇಶ ಮತ್ತೆ ಹಾಜರ್.

ವಾಹನಗಳ ಬಗ್ಗೆ ಓಡಾಡುವ ಸಲಹೆಗಳು ಬಹುತೇಕ ಹೀಗೇ ಇರುತ್ತವೆ. ಯಾವ ಗಾಡಿ, ಯಾವ ವರ್ಷದ್ದು, ಯಾರು ನೋಡಿ ಹೇಳಿದರು, ಯಾವಾಗ ಹೇಳಿದರು ಎಂಬ ನಾಲ್ಕರಲ್ಲಿ ಒಂದೂ ಇರುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳ ಮಾಲೀಕರು ಈ ನಾಲ್ಕು ವಿವರಗಳ ಬಗ್ಗೆ ಬಹಳ ಹಟ ಹಿಡಿಯುತ್ತಾರೆ. ಹತ್ತಾರು ಜನ ಸೇರಿ, ಪದೇ ಪದೇ ಕೇಳಲಾಗುವ ಪ್ರಶ್ನೆಗಳಿಗೆ ತಾವೇ ಉತ್ತರ ಬರೆದಿಟ್ಟುಕೊಳ್ಳುತ್ತಾರೆ. ಅದನ್ನೇ ಎಫ್‌ಎಕ್ಯೂ ಎನ್ನುವುದು. ನಮ್ಮಲ್ಲಿ ಹೆಚ್ಚಿನವರ ಬಳಿ ಸ್ಪೋರ್ಟ್ಸ್ ಕಾರು ಇಲ್ಲ. ಆದರೂ ಅವರ ಪ್ರಶ್ನೋತ್ತರ ಹೇಗೆ ತಯಾರಾಗುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿದರೆ, ಫೋನಿಗೆ ಬರುವ ಸಲಹೆಗಳನ್ನು ಜರಡಿ ಹಿಡಿಯಲು ಸುಲಭ.

ಮಾಜ್ದಾ ಕಂಪನಿಯ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಕಾರನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಇದನ್ನು ಮಿಯಾಟಾ ಎನ್ನುತ್ತಾರೆ. 1989ರಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ಕಾಣಿಸಿಕೊಂಡಿತು. 2016ರ ಹೊತ್ತಿಗೆ ಹತ್ತು ಲಕ್ಷನೇ ಕಾರು ತಯಾರಾಗಿತ್ತು. ಇಷ್ಟು ಜನ ಮಾಲೀಕರು, ಇಷ್ಟು ವರ್ಷ. ಹಾಗಾಗಿ ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಯಾರಾದರೂ ಒಬ್ಬರು ಈಗಾಗಲೇ ಕೇಳಿಯಾಗಿದೆ.

ಹಳೆಯ ಎಂಎಕ್ಸ್-5 ಕೊಳ್ಳುವವರ ಮೊದಲ ಪ್ರಶ್ನೆ ಎಂಜಿನ್ನಿನ ಕ್ರ್ಯಾಂಕ್ ಬಗ್ಗೆ. ಕ್ರ್ಯಾಂಕ್‌ಶಾಫ್ಟ್ ಎಂದರೆ ಪಿಸ್ಟನ್ನುಗಳ ಮೇಲೆ ಕೆಳಗೆ ಓಡಾಟವನ್ನು ತಿರುಗುವ ಶಕ್ತಿಯಾಗಿ ಬದಲಿಸುವ ದಪ್ಪ ಉಕ್ಕಿನ ದಂಡ. ಅದರ ಮುಂದಿನ ತುದಿಗೆ ಒಂದು ಪುಲ್ಲಿಯನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಪುಲ್ಲಿ ಜಾರದಂತೆ ನಡುವೆ ಒಂದು ಸಣ್ಣ ಕೀಲಿ, ಅದು ಕೂರಲು ಒಂದು ಗಾಡಿ. 1990 ಮತ್ತು 1991ರ ಆರಂಭದ 1.6 ಲೀಟರ್ ಎಂಜಿನ್ನುಗಳಲ್ಲಿ ಈ ತುದಿ ಗಿಡ್ಡವಾಗಿತ್ತು, ಬೋಲ್ಟ್ ಸಣ್ಣದಿತ್ತು. ಟೈಮಿಂಗ್ ಬೆಲ್ಟ್ ಬದಲಿಸುವಾಗ ಮೆಕ್ಯಾನಿಕ್ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಪುಲ್ಲಿ ಅಲುಗಾಡಲು ಶುರು. ಅಲುಗಾಡಿ ಅಲುಗಾಡಿ ಗಾಡಿ ಅಗಲವಾಗುತ್ತದೆ, ಟೈಮಿಂಗ್ ತಪ್ಪುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ. ಕೊನೆಗೆ ಕ್ರ್ಯಾಂಕ್ ಬದಲಿಸುವ ಹಂತಕ್ಕೆ ಬರುತ್ತದೆ. ಅಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಇದನ್ನು ಗಮನಿಸಿ ಕಂಪನಿ 1991ರಲ್ಲೇ ತುದಿಯನ್ನು ಉದ್ದ ಮಾಡಿ ದೊಡ್ಡ ಬೋಲ್ಟ್ ಹಾಕಿತು.

ಇದನ್ನೇ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ‘1991ಕ್ಕಿಂತ ಹಳೆಯ ಎಂಎಕ್ಸ್-5 ಕೊಳ್ಳಬೇಡಿ, ಎಂಜಿನ್ ಹೋಗುತ್ತದೆ’ ಎಂದಾಗುತ್ತಿತ್ತು. ಮಾಲೀಕರು ಸೇರಿ ಬರೆದ ಉತ್ತರ ಬೇರೆ. ವರ್ಷ ನೋಡಬೇಡಿ, ಪುಲ್ಲಿ ನೋಡಿ ಎನ್ನುತ್ತದೆ ಅದು. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಪುಲ್ಲಿಯ ನಡುವೆ ಇರುವ ಸೀಳುಗಳನ್ನು ಎಣಿಸಿ. ನಾಲ್ಕಿದ್ದರೆ ಗಿಡ್ಡ ಕ್ರ್ಯಾಂಕ್, ಎಂಟಿದ್ದರೆ ಉದ್ದದ್ದು. ವರ್ಷವನ್ನು ಯಾಕೆ ನಂಬಬಾರದು? ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಮೊದಲು ಬಂದ ಎಂಜಿನ್ನೇ ಇದೆ ಎಂದು ಹೇಳುವವರು ಯಾರು? ಅಷ್ಟರಲ್ಲಿ ಯಾರೋ ಬೇರೆ ಎಂಜಿನ್ ಕೂರಿಸಿರಬಹುದು. ಗಿಡ್ಡ ಕ್ರ್ಯಾಂಕ್ ಇದ್ದರೂ ಹೆದರಿ ಓಡಬೇಕಿಲ್ಲ. ಬೋಲ್ಟ್ ಸರಿಯಾಗಿ ಬಿಗಿದಿದ್ದರೆ ಅದು ಲಕ್ಷಗಟ್ಟಲೆ ಕಿಲೋಮೀಟರ್ ಓಡಬಲ್ಲದು. ಗಾಡಿ ಸ್ವಲ್ಪ ಸವೆದಿದ್ದರೆ ಲಾಕ್‌ಟೈಟ್ 660 ಎಂಬ ಅಂಟು ತುಂಬಿ ಸರಿಪಡಿಸುವ ವಿಧಾನವನ್ನೂ ಮಾಲೀಕರೇ ಪ್ರಯೋಗ ಮಾಡಿ ಬರೆದಿಟ್ಟಿದ್ದಾರೆ.

ಈ ಉತ್ತರದಲ್ಲಿ ನಮಗೆ ಇಷ್ಟವಾಗುವುದು, ಓದಿದವರು ತಾವೇ ಹೋಗಿ ಪರೀಕ್ಷಿಸಬಹುದು. ಬರೆದವರನ್ನು ನಂಬಬೇಕಾದ ಅಗತ್ಯವೇ ಇಲ್ಲ.

ಎರಡನೇ ಪ್ರಶ್ನೆ ಪೆಟ್ರೋಲಿನದು. ಈ ಕಾರಿಗೆ 87 ಆಕ್ಟೇನ್ ಸಾಕು ಎಂದು ಅಮೆರಿಕದ ಮಾಲೀಕರು ಬರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲೇ 91 ಇತ್ತು. ಹಾಗಾದರೆ ನಮ್ಮದು ಮೇಲಿತ್ತಾ? ಅಲ್ಲ, ಅಳತೆ ಬೇರೆ. ಅಮೆರಿಕದಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬಂಕಿನಲ್ಲಿ ಬರೆಯುತ್ತಾರೆ. ಭಾರತ, ಜಪಾನ್, ಯುರೋಪಿನಲ್ಲಿ ಅವುಗಳಲ್ಲಿ ಒಂದರ ಅಂಕಿ ಮಾತ್ರ ಬರೆಯುತ್ತಾರೆ, ಅದು ಹೆಚ್ಚು ಬರುವ ಪರೀಕ್ಷೆ. ಅಲ್ಲಿಯ 87 ಇಲ್ಲಿಯ 91ಕ್ಕೆ ಹೆಚ್ಚುಕಡಿಮೆ ಸಮ. ಊರಿನ ಹೆಸರಿಲ್ಲದೆ ಅಂಕಿ ಮಾತ್ರ ಪ್ರಯಾಣ ಮಾಡಿದರೆ ಇಂಥ ಗೊಂದಲ ಖಚಿತ. ಟೈಮಿಂಗ್ ಬೆಲ್ಟನ್ನು 60,000ಕ್ಕೆ ಬದಲಿಸಿ ಎಂಬ ಸಲಹೆಯೂ ಹಾಗೇ. ಅದು ಮೈಲಿ. ಕಿಲೋಮೀಟರಿನಲ್ಲಿ ಸುಮಾರು 96,500.

ಅಂದಹಾಗೆ ಹೆಚ್ಚು ಆಕ್ಟೇನ್ ಎಂದರೆ ಹೆಚ್ಚು ಪವರ್ ಅಲ್ಲ. ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ, ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ ಅದು. ಹೆಚ್ಚು ಒತ್ತಡದ ಎಂಜಿನ್ನಿಗೆ ಅದು ಬೇಕು. 91ಕ್ಕೆಂದೇ ಮಾಡಿದ ಎಂಜಿನ್ನಿಗೆ 100 ಹಾಕಿಸಿದರೆ ಲಾಭ ಬಂಕಿನವರಿಗೆ.

ಟೈರಿಗೆ ಎಷ್ಟು ಗಾಳಿ? ಎಲ್ಲ ಕಾರಿಗೂ 32 ಅಥವಾ 35 ಹೊಡೆಸುವುದು ನಮ್ಮಲ್ಲಿ ರೂಢಿ. ಮೊದಲ ಎಂಎಕ್ಸ್-5ರ ಬಾಗಿಲ ಪಕ್ಕದ ಚೀಟಿ ಹೇಳುವುದು 26. ಸುಮಾರು 950 ಕೆ.ಜಿ. ತೂಕದ ಕಾರಿಗೆ ಅಷ್ಟು ಸಾಕು. ನಿಮ್ಮ ಕಾರಿನಲ್ಲೂ ಅಂಥ ಚೀಟಿ ಇರುತ್ತದೆ, ಒಮ್ಮೆ ನೋಡಿ.

ಹೀಗೆ ಹೇಳಿದರೆ ಮಾಲೀಕರು ಬರೆದದ್ದೆಲ್ಲ ಸರಿ ಎಂದಾಗುತ್ತದೆ. ಹಾಗಿಲ್ಲ. ಅವರ ಬರಹಕ್ಕೂ ಒಂದು ದೊಡ್ಡ ಕಾಯಿಲೆ ಇದೆ. ಅದನ್ನು ಅರ್ಥ ಮಾಡಿಕೊಳ್ಳಲು ಪೋರ್ಷೆ ಕಾರಿನ ಕಡೆ ಬರಬೇಕು.

1990ರ ದಶಕದ ಕೊನೆಯಿಂದ 2008ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು ಅದೇ ಕಾಲದ ಹೆಚ್ಚಿನ 911 ಕಾರುಗಳ ಎಂಜಿನ್ನಿನೊಳಗೆ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬ ಒಂದು ದಂಡವಿದೆ. ಅದರ ಒಂದು ತುದಿ ನಿಂತಿರುವುದು ಒಂದು ಬೇರಿಂಗ್ ಮೇಲೆ. ಅದು ಪುಡಿಯಾದರೆ ಲೋಹದ ಚೂರು ಎಣ್ಣೆಯ ಜೊತೆ ಎಂಜಿನ್ ಪೂರ್ತಿ ಹರಡುತ್ತದೆ. ಎಂಜಿನ್ ಅಲ್ಲಿಗೆ ಮುಗಿಯಿತು. ಈ ದೋಷದ ಬಗ್ಗೆ ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. 2013ರಲ್ಲಿ ಆದ ರಾಜಿ 2001ರ ಮೇ ತಿಂಗಳಿನಿಂದ 2005ರ ಫೆಬ್ರವರಿವರೆಗೆ ತಯಾರಾದ ಕಾರುಗಳಿಗೆ ಅನ್ವಯಿಸಿತು. ಹಾಗಾಗಿ ಸಮಸ್ಯೆ ನಿಜ. ಅನುಮಾನವೇ ಇಲ್ಲ.

ಆದರೆ ಎಷ್ಟು ಕಾರುಗಳಿಗೆ? ಎಂಜಿನ್ ಕಳೆದುಕೊಂಡವರು ಖಂಡಿತ ಬರೆಯುತ್ತಾರೆ, ಸಿಟ್ಟಿನಿಂದ, ಫೋಟೋ ಸಮೇತ. ಏನೂ ಆಗದವರು ‘ಇವತ್ತೂ ನನ್ನ ಬೇರಿಂಗ್ ಚೆನ್ನಾಗಿದೆ’ ಎಂದು ಬರೆಯುತ್ತಾರಾ? ಲೆಕ್ಕಕ್ಕಾಗಿ ಹೀಗೆ ಊಹಿಸಿ. 100 ಕಾರುಗಳಿವೆ, 5 ಕೆಡುತ್ತವೆ. ಕೆಟ್ಟ ಐದೂ ಮಂದಿ ಬರೆಯುತ್ತಾರೆ. ಉಳಿದ 95ರಲ್ಲಿ ಐದು ಮಂದಿ ಮಾತ್ರ ಬಾಯಿ ಬಿಡುತ್ತಾರೆ. ಓದುವವರ ಕಣ್ಣಿಗೆ ಬೀಳುವುದು ಹತ್ತು ಅನುಭವ, ಅದರಲ್ಲಿ ಐದು ಅನಾಹುತ. ನಿಜವಾದ ನೂರಕ್ಕೆ ಐದು, ಓದುವವರ ಮನಸ್ಸಿನಲ್ಲಿ ನೂರಕ್ಕೆ ಐವತ್ತಾಗಿ ಕೂರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ ನೋಡಿ! ಪ್ರತಿಯೊಬ್ಬರೂ ತಮಗೆ ಆದದ್ದನ್ನೇ ಬರೆದರು. ಒಟ್ಟು ಚಿತ್ರ ಮಾತ್ರ ಸುಳ್ಳಾಯಿತು.

ಔಷಧಿ, ಲಸಿಕೆ, ಮನೆಮದ್ದುಗಳ ಬಗ್ಗೆ ಬರುವ ‘ನಮ್ಮ ಪಕ್ಕದ ಮನೆಯವರಿಗೆ ಹೀಗಾಯಿತು’ ಎಂಬ ಸಂದೇಶಗಳಲ್ಲೂ ಇದೇ ಲೆಕ್ಕ ಕೆಲಸ ಮಾಡುತ್ತದೆ. ನಮ್ಮ ಪ್ರಕಾರ ಸುಳ್ಳು ಸುದ್ದಿಗಿಂತ ಇದನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಹೇಳುವವರು ಪ್ರಾಮಾಣಿಕರು.

ಇದಕ್ಕೆ ಮದ್ದು ಇದೆ. ಉತ್ತರ ಬರೆಯುವವರು ‘ಯಾರಿಗೆ ಕೆಟ್ಟಿತು’ ಎಂದು ಮಾತ್ರ ಕೇಳಬಾರದು. ಈ ಎಂಜಿನ್ ಇರುವ ಎಲ್ಲರನ್ನೂ ಕೇಳಬೇಕು: ತಯಾರಾದ ವರ್ಷ, ಓಡಿದ ಕಿಲೋಮೀಟರ್, ಬೇರಿಂಗ್ ಸ್ಥಿತಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಆದರೂ ಸುಮ್ಮನಿದ್ದವರ ಒಂದು ಪಾಲು ಲೆಕ್ಕಕ್ಕೆ ಸಿಗುತ್ತದೆ. ಜೊತೆಗೆ ಎಣ್ಣೆ ಬದಲಿಸುವಾಗ ಹಳೆಯ ಫಿಲ್ಟರನ್ನು ಬಿಚ್ಚಿ ಲೋಹದ ಚೂರು ಇದೆಯಾ ನೋಡಿ ಎಂಬಂಥ, ಮಾಲೀಕರು ಮಾಡಬಹುದಾದ ಪರೀಕ್ಷೆಯನ್ನು ಸೇರಿಸಬೇಕು. 2009ರಿಂದ ಬಂದ ಹೊಸ ಎಂಜಿನ್ನುಗಳಲ್ಲಿ ಆ ಶಾಫ್ಟೇ ಇಲ್ಲ ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ಹೊಸ ಕಾರಿನವರೂ ಹೆದರಿ ಕೂರುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಗಳಲ್ಲಿ ಬಹುಮತದ ಉತ್ತರವನ್ನು ನೆಚ್ಚಿಕೊಳ್ಳಲೇಬಾರದು. ಹತ್ತು ಜನ ‘ಜ್ಯಾಕ್ ಮೇಲೆ ನಿಲ್ಲಿಸಿ ಕೆಳಗೆ ಮಲಗಿ ಕೆಲಸ ಮಾಡಿದ್ದೇನೆ, ಏನೂ ಆಗಿಲ್ಲ’ ಎನ್ನಬಹುದು. ಆದವರು ಬಂದು ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಇಲ್ಲಿ ಲೆಕ್ಕ ತಿರುಗುಮುರುಗು. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕೆ ಸ್ಟ್ಯಾಂಡ್ ಬೇಕು.

ಟೈರಿನ ವಯಸ್ಸೂ ಅಂಥದ್ದೇ. ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ ಶೆಡ್ಡಿನಲ್ಲೇ ಇರುತ್ತವೆ. ಟೈರಿನ ಗೆರೆಗಳು ಸವೆದಿರುವುದಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿರುತ್ತದೆ. ‘ಫಾಸ್ಟ್ ಆಂಡ್ ಫ್ಯೂರಿಯಸ್’ ನಟ ಪಾಲ್ ವಾಕರ್ 2013ರ ನವೆಂಬರಿನಲ್ಲಿ ಸತ್ತದ್ದು ನಿಮಗೆ ನೆನಪಿರಬಹುದು. ಅವರು ಪಕ್ಕದ ಸೀಟಿನಲ್ಲಿದ್ದರು, ಕಾರು ಪೋರ್ಷೆ ಕರೇರಾ ಜಿಟಿ. ಕಾರಣ ಅತಿವೇಗ ಎಂದು ತನಿಖೆ ಹೇಳಿತು. ಕಾರಿನ ಟೈರುಗಳು ಒಂಬತ್ತು ವರ್ಷ ಹಳೆಯವು, ಅದರಿಂದ ನಿಯಂತ್ರಣಕ್ಕೆ ತೊಂದರೆ ಆಗಿರಬಹುದು ಎಂದೂ ಹೇಳಿತು. ‘ಟೈರ್ ಒಡೆದು ಸತ್ತರು’ ಎಂದು ಚುಟುಕಾಗಿ ಬರೆದರೆ ಅದು ತಪ್ಪು. ಟೈರಿನ ವಿಷಯವನ್ನೇ ಬಿಟ್ಟರೆ ಕೆಲಸಕ್ಕೆ ಬರುವ ಸಂಗತಿಯೇ ಹೋಗುತ್ತದೆ.

ಈ ಕಾರುಗಳನ್ನು ಬಿಟ್ಟು ನಮ್ಮೂರಿನ ಬಂಕಿಗೆ ಬಂದರೆ, ಈಗಿನ ದೊಡ್ಡ ಪ್ರಶ್ನೆ ಇ20 ಪೆಟ್ರೋಲ್. ಶೇ. 20ರಷ್ಟು ಎಥನಾಲ್ ಬೆರೆಸಿದ ಈ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಮೈಲೇಜ್ ಬೀಳುತ್ತದಾ? ಒಂದು ಫಾರ್ವರ್ಡ್ ‘ಅರ್ಧಕ್ಕರ್ಧ ಬೀಳುತ್ತದೆ’ ಎಂದರೆ ಇನ್ನೊಂದು ‘ಏನೂ ಆಗಲ್ಲ’ ಎನ್ನುತ್ತದೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಸ್ವಲ್ಪ ಬೀಳಲೇಬೇಕು, ಅರ್ಧ ಬೀಳಲು ಸಾಧ್ಯವಿಲ್ಲ. ನೀತಿ ಆಯೋಗದ 2021ರ ವರದಿಯ ಅಂದಾಜು ಹೀಗಿದೆ: ಎಥನಾಲ್ ಇಲ್ಲದ ಪೆಟ್ರೋಲಿಗೆಂದು ವಿನ್ಯಾಸವಾಗಿ ಶೇ. 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7, ಅಂಥದ್ದೇ ಬೈಕು ಸ್ಕೂಟರುಗಳಲ್ಲಿ ಶೇ. 3ರಿಂದ 4, ಶೇ. 10ಕ್ಕೆ ವಿನ್ಯಾಸವಾಗಿ ಶೇ. 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2.

ನಿಮ್ಮ ಆಟೋ ಸ್ಟ್ಯಾಂಡಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಒಂದೇ ಮಾದರಿಯ ಗಾಡಿ ಇರುವ ಹತ್ತು ಜನರಿದ್ದರೆ ಇದನ್ನು ನೀವೇ ಅಳೆಯಬಹುದು. ಬೋರ್ಡಿನ ಮೇಲೆ ಕಾಣುವ ಮೈಲೇಜ್ ಬೇಡ. ಒಂದೇ ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡೋಮೀಟರ್ ಬರೆದುಕೊಳ್ಳಿ, ಮುಂದಿನ ಸಲ ಮತ್ತೆ ಅಲ್ಲೇ ಅಷ್ಟೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಐದಾರು ಸಲ ಮಾಡಿದ ಮೇಲೆ ಸರಾಸರಿ ತೆಗೆಯಿರಿ. ಕಳುಹಿಸುವಾಗ ಗಾಡಿಯ ಹೆಸರು, ತಯಾರಾದ ವರ್ಷ, ಊರು, ತಿಂಗಳು ಇಷ್ಟನ್ನೂ ಬರೆಯಿರಿ. ಮೈಲೇಜ್ ಬದಲಾಗದಿದ್ದವರ ಲೆಕ್ಕವನ್ನೂ ಕೇಳಿ ಪಡೆದು ಸೇರಿಸಿ.